ಹೆಸರು ಕೆತ್ತಿಸಿದ ಆಕಾಶನೌಕೆ

ನಮ್ಮ ಮನೆಯಲ್ಲೊಂದು ಆಕಾಶನೌಕೆ ಇದೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ, ಪಾಪ, ಮದುವೆಯಾಗದೆ ಉಳಿದು ಹೀಗಾಗಿದೆ ಎಂದುಕೊಂಡು ಮಾತು ಬದಲಾಯಿಸುತ್ತಾರೆ. ಬಿಜೈಯಲ್ಲಿ, ಸರಕಾರಿ ಬಸ್‌ಸ್ಟ್ಯಾಂಡಿನ ಗದ್ದಲ ಅಡುಗೆಮನೆಗೆ ಕೇಳುವಷ್ಟು ಹತ್ತಿರದಲ್ಲಿ ನಮ್ಮ ಮನೆ. ಅಲ್ಲಿ ಅಟ್ಟದ ಮೇಲೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನೌಕೆ ಮಲಗಿರುತ್ತದೆ. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಕೆಳಗಿಳಿಯುತ್ತದೆ.

ಇದು ಯಾವುದೋ ಆಟದ ಸಾಮಾನಲ್ಲ. ನಾನು ಚಿಕ್ಕವಳಿದ್ದಾಗ ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಒಂದು ವಿಜ್ಞಾನದ ಧಾರಾವಾಹಿ ಬರುತ್ತಿತ್ತು. ಅದನ್ನು ತಪ್ಪಿಸಬಾರದೆಂದು ನಮ್ಮ ಕೇರಿಯ ಕ್ರೈಸ್ತರ ಮಕ್ಕಳೆಲ್ಲ ಇಗರ್ಜಿಯ ಮೊದಲ ಪೂಜೆಗೇ ಹೋಗಿ ಬರುತ್ತಿದ್ದರು. ಇಷ್ಟು ಭಕ್ತಿ ಎಲ್ಲಿಂದ ಬಂತೆಂದು ಪಾದ್ರಿಗಳಿಗೆ ಆಶ್ಚರ್ಯವಾಗುತ್ತಿತ್ತಂತೆ. ನಾನೀಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಾಗಾಗಿ ಅಧಿಕಾರದಿಂದಲೇ ಹೇಳಬಲ್ಲೆ, ಆ ಧಾರಾವಾಹಿಯಲ್ಲಿ ವಿಜ್ಞಾನ ಇದ್ದದ್ದು ಮದುವೆಯೂಟದ ಎಲೆಯ ತುದಿಯಲ್ಲಿ ಉಪ್ಪು ಇದ್ದಷ್ಟು. ಚಂದ್ರನ ಮೇಲೆ ನಾಯಕಿಯ ಸೆರಗು ಗಾಳಿಗೆ ಹಾರುತ್ತಿತ್ತು. ಖಳನಾಯಕ ಬೇರೆ ಗ್ರಹದವನು, ಆದರೆ ಮೀಸೆ ಮಾತ್ರ ನಮ್ಮ ಟ್ರಾಫಿಕ್ ಪೊಲೀಸಿನದ್ದು. ಅಷ್ಟರ ನಡುವೆ ನಂಬುವಂಥದ್ದು ಒಂದೇ ಒಂದಿತ್ತು: ಹೊಗೆ ಬಿಡುತ್ತ ನಿಧಾನಕ್ಕೆ ನೆಲಕ್ಕಿಳಿಯುವ ಆ ಆಕಾಶನೌಕೆ.

ಅದನ್ನು ಮಾಡಿದ್ದು ನನ್ನ ಬಾಪ್ಪು. ಅಂದರೆ ಅಪ್ಪನ ತಮ್ಮ, ಕೊಂಕಣಿಯಲ್ಲಿ ನಾವು ಹಾಗೆ ಕರೆಯುವುದು. ಬಾಪ್ಪು ಬೊಂಬಾಯಿಯ ಸ್ಟುಡಿಯೋ ಒಂದರಲ್ಲಿ ಮರಗೆಲಸಕ್ಕಿದ್ದರು. ವಾರದ ಕಂತು ಮುಗಿದಾಗಲೆಲ್ಲ ಹೆಸರುಗಳು ಸಾಲಾಗಿ ಮೇಲೇರುತ್ತಿದ್ದವು. ನಾಯಕ, ನಾಯಕಿ, ನಿರ್ದೇಶಕ, ಕಲಾ ನಿರ್ದೇಶಕ, ಬಟ್ಟೆ ಹೊಲಿದವರು, ಸೀರೆ ಎರವಲು ಕೊಟ್ಟ ಅಂಗಡಿ, ಚಹಾ ಒದಗಿಸಿದ ಹೋಟೆಲು. ಚಹಾದವನ ಹೆಸರಿತ್ತು, ನೌಕೆಯವನ ಹೆಸರಿರಲಿಲ್ಲ. ನಾವು ಪರದೆಗೆ ಮೂಗು ತಾಗಿಸಿ ಪ್ರತಿ ವಾರ ಹುಡುಕುತ್ತಿದ್ದೆವು. ಈ ವಾರ ಮರೆತಿರಬೇಕು, ಮುಂದಿನ ವಾರ ಹಾಕಬಹುದು ಎಂದು ಅಪ್ಪ ಸಮಾಧಾನ ಹೇಳುತ್ತಿದ್ದರು. ಧಾರಾವಾಹಿ ಮುಗಿಯುವವರೆಗೂ ಸ್ಟುಡಿಯೋದವರಿಗೆ ನೆನಪಾಗಲಿಲ್ಲ.

ಬಾಪ್ಪುವಿನ ಹೆಸರು ಬರಲಿಲ್ಲ, ನಿಜ. ಆದರೆ ನಮ್ಮ ಮನೆಯ ಬೇರೊಂದು ಹೆಸರು ಬಂತು. ಅದನ್ನು ಹೇಳಬೇಕಾದರೆ ಮೊದಲು ನನ್ನ ಅಜ್ಜಿಯ ಕಾನೂನು ಹೇಳಬೇಕು.

ನಮ್ಮ ಊರಿನಲ್ಲಿ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೆತ್ತಿಸಿಕೊಂಡು ಬರುವುದು ಪದ್ಧತಿ. ಸಣ್ಣ ಸಣ್ಣ ಚುಕ್ಕೆಗಳಲ್ಲಿ ಹೊಡೆದ ಅಕ್ಷರ. ಯಾಕೆಂದರೆ ಮದುವೆ, ಮದುವೆಯ ಮುನ್ನಾದಿನದ ರೋಸ್, ಹಬ್ಬ ಅಂತ ಪಾತ್ರೆಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಹೆಸರಿದ್ದರೆ ತಿರುಗಿ ಬರುತ್ತವೆ. "ಹೆಸರಿದ್ದ ಪಾತ್ರೆ ಮನೆಯದ್ದು, ಹೆಸರಿಲ್ಲದ್ದು ಊರಿನದ್ದು" ಎನ್ನುವುದು ಅಜ್ಜಿಯ ಹನ್ನೊಂದನೆಯ ಕಟ್ಟಳೆ. ಮೊದಲಿನ ಹತ್ತನ್ನು ಆಕೆ ಬೈಬಲಿನ ಮೋಶೆಗೆ ಬಿಟ್ಟುಕೊಟ್ಟಿದ್ದಳು, ಇದನ್ನು ಮಾತ್ರ ತಾನೇ ಜಾರಿ ಮಾಡುತ್ತಿದ್ದಳು. ಚಮಚವನ್ನೂ ಬಿಡದೆ ಮನೆಯ ಸಾಮಾನಿಗೆಲ್ಲ ಆಕೆಯ ಹೆಸರಿತ್ತು. ಅಜ್ಜ ಒಬ್ಬರೇ ತಪ್ಪಿಸಿಕೊಂಡಿದ್ದರು.

ಧಾರಾವಾಹಿ ಶುರುವಾದ ಮೊದಲ ಭಾನುವಾರ. ನೌಕೆ ಇಳಿಯಿತು, ತಳದ ತೂತುಗಳಿಂದ ಹೊಗೆ ಬುಸುಬುಸು ಬಂತು, ಕ್ಯಾಮೆರಾ ಹತ್ತಿರ ಹತ್ತಿರ ಹೋಯಿತು. ನೌಕೆಯ ಬದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಏನೋ ವಿಚಿತ್ರ ಬರಹ. ನಾವು ಮಕ್ಕಳು ಟಿ.ವಿ.ಯ ಹತ್ತಿರ ಜರುಗಿದೆವು. ಹಿಂದಿನಿಂದ ಅಜ್ಜಿ ಕಿರುಚಿದಳು. ಕೊಂಕಣಿಯಲ್ಲಿ ಕಿರುಚಿದ್ದನ್ನು ಕನ್ನಡದಲ್ಲಿ ಬರೆದರೆ ಖಾರ ಅರ್ಧ ಹೋಗುತ್ತದೆ, ಆದರೂ ಬರೆಯುತ್ತೇನೆ.

"ಅಯ್ಯೋ, ಅದು ನನ್ನ ತೊಂದೊರ್!"

ತೊಂದೊರ್ ಎಂದರೆ ನಮ್ಮಲ್ಲಿ ಹಬ್ಬಕ್ಕೆ ಸನ್ನಾ ಎಂಬ ಮೆತ್ತಗಿನ ಇಡ್ಲಿ ಬೇಯಿಸುವ ಪಾತ್ರೆ. ಒಳಗೊಂದು ತೂತುತೂತಿನ ತಟ್ಟೆ, ಅದರ ಕೆಳಗೆ ನೀರು. ಅಜ್ಜಿಯ ತೊಂದೊರ್ ಹಿಂದಿನ ಮಳೆಗಾಲದಿಂದ ಕಾಣೆಯಾಗಿತ್ತು. ಆಕೆ ನೆರೆಮನೆಯವರ ಮೇಲೆ ಸಂಶಯಪಟ್ಟು ಅವರ ಜೊತೆ ಮಾತು ಬಿಟ್ಟಾಗಿತ್ತು. ಈಗ ನೋಡಿದರೆ ಅದು ಬೋರಲಾಗಿ, ಬೂದು ಬಣ್ಣ ಹೊಡೆಸಿಕೊಂಡು, ಕೊಡೆಯ ಕಡ್ಡಿಗಳ ಕಾಲು ಕಟ್ಟಿಕೊಂಡು ದೇಶದ ಮುಂದೆ ಚಂದ್ರನ ಮೇಲೆ ನಿಂತಿತ್ತು. ಬದಿಯಲ್ಲಿ ತಲೆಕೆಳಗಾಗಿ ಅಜ್ಜಿಯ ಹೆಸರು. ದೇಶದ ಕಣ್ಣಿಗೆ ಅದು ಅನ್ಯಗ್ರಹದ ಲಿಪಿ, ಅಜ್ಜಿಯ ಕಣ್ಣಿಗೆ ಕಳ್ಳತನದ ಸಾಕ್ಷಿ.

ಆದದ್ದು ಇಷ್ಟೇ. ಬೊಂಬಾಯಿಯ ಕೋಣೆಯಲ್ಲಿ ಸನ್ನಾ ತಿನ್ನುವ ಆಸೆಗೆ ಬಾಪ್ಪು ಅದನ್ನು ಹೇಳದೆ ಒಯ್ದಿದ್ದರು. ಅಷ್ಟರಲ್ಲಿ ಕಲಾ ನಿರ್ದೇಶಕರು ನೌಕೆಯ ಚಿತ್ರ ಬರೆದು ಕೊಟ್ಟರು. ಅದು ಶಿಲುಬೆಯ ಮುಂದೆ ಹಚ್ಚುವ ದಪ್ಪ ಮೇಣದ ಬತ್ತಿಯ ಹಾಗಿತ್ತಂತೆ. ಬಾಪ್ಪು ಅದನ್ನು ನೋಡಿ, ಚಹಾ ಕುಡಿದು, ಕೋಣೆಗೆ ಹೋಗಿ ತೊಂದೊರ್ ತಂದರು. ಮುಂದೆ ಒಂದು ಇಂಟರ್ವ್ಯೂನಲ್ಲಿ ಕಲಾ ನಿರ್ದೇಶಕರು, ಈ ನೌಕೆಯ ಆಕಾರ ತಮಗೆ ಧ್ಯಾನದಲ್ಲಿ ಹೊಳೆಯಿತು ಎಂದರು. ಧ್ಯಾನದಲ್ಲಿ ಸನ್ನಾದ ಪರಿಮಳವೂ ಬಂದಿರಬೇಕು.

ಅಜ್ಜಿಗೆ ಮಗನ ಕಲೆ ಗಿಲೆ ಯಾವುದೂ ಬೇಡ, ಪಾತ್ರೆ ಬೇಕು. ಬೊಂಬಾಯಿಗೆ ಹೋಗುವ ಯಾರೇ ಸಿಗಲಿ, ಕೈಯಲ್ಲಿ ಉಪ್ಪಿನಕಾಯಿ ಭರಣಿ ಕೊಟ್ಟು, "ನನ್ನ ತೊಂದೊರ್ ಕಳಿಸಲು ಹೇಳಿ" ಎನ್ನುವಳು. ಆ ಬೇಡಿಕೆಯೊಂದು ಇಲ್ಲದಿದ್ದರೆ ಇವತ್ತು ಹೇಳಲು ಕಥೆಯೇ ಇರುತ್ತಿರಲಿಲ್ಲ. ಧಾರಾವಾಹಿ ಮುಗಿದ ಮೇಲೆ ಸ್ಟುಡಿಯೋದವರು ಗೋದಾಮು ಖಾಲಿ ಮಾಡಿದರು. ಪ್ಲಾಸ್ಟರಿನ ಚಂದ್ರ, ರೋಬೋಟಿನ ತಲೆ, ಖಳನಾಯಕನ ಸಿಂಹಾಸನ, ಲೇಸರ್ ಬಂದೂಕು ಎಲ್ಲವನ್ನೂ ಲಾರಿಗೆ ತುಂಬಿಸಿ ಎಸೆದರು. ಬಾಪ್ಪು ನೌಕೆಯೊಂದನ್ನು ಎತ್ತಿಟ್ಟುಕೊಂಡದ್ದು ಅಭಿಮಾನದಿಂದ ಅಲ್ಲ, ತಾಯಿಯ ಹೆದರಿಕೆಯಿಂದ. ಮುಂದೆ ಅವರೂ ಕೆಲಸ ಬಿಟ್ಟು ಊರಿಗೆ ಬಂದರು, ಮಡಿಲಲ್ಲಿ ನೌಕೆ ಇಟ್ಟುಕೊಂಡು, ಬಸ್ಸಿನಲ್ಲಿ.

ಅಜ್ಜಿ ಬಾಗಿಲಲ್ಲೇ ಅದನ್ನು ಕೈಗೆ ತಕ್ಕೊಂಡು ತಿರುಗಿಸಿ ಹೆಸರು ನೋಡಿದಳು. ಕಾಲು ಕೀಳಲು ನೋಡಿದಳು, ಬರಲಿಲ್ಲ. ಬಾಪ್ಪು ಕೆಲಸ ಗಟ್ಟಿ ಮಾಡಿದ್ದರು. ಇನ್ನು ಅದರಲ್ಲಿ ಸನ್ನಾ ಬೇಯುವುದಿಲ್ಲ ಎಂದು ಖಾತ್ರಿಯಾದ ಮೇಲೆ, "ಪಾತ್ರೆ ಮನೆಗೆ ಬಂತಲ್ಲ, ಸಾಕು" ಎಂದು ಒಳಗಿಟ್ಟಳು. ಚೆನ್ನಾಗಿದೆ ಎಂದು ಸಾಯುವವರೆಗೂ ಒಂದು ಮಾತು ಹೇಳಲಿಲ್ಲ.

ನಮ್ಮ ಮನೆಯಲ್ಲಿ ಯಾವ ವಸ್ತುವೂ ಕೂತು ಉಣ್ಣುವ ಹಾಗಿಲ್ಲ. ಆ ವರ್ಷ ಕ್ರಿಸ್ಮಸ್ಸಿಗೆ ಅಮ್ಮ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವಾಗ ನಕ್ಷತ್ರದ ದೀಪ ಹಾಳಾಗಿತ್ತು. ನೌಕೆಯೊಳಗೆ ಬಲ್ಬು ಇಟ್ಟು ಬಾಲಯೇಸುವಿನ ಮೇಲೆ ತೂಗು ಹಾಕಿದರು. ತೂತುಗಳಿಂದ ಬೆಳಕು ಕುರಿಗಳ ಮೇಲೆ, ಕುರುಬರ ಮೇಲೆ ಬಿದ್ದು ಬಹಳ ಚಂದ ಕಂಡಿತು. ಅಂದಿನಿಂದ ಅದಕ್ಕೆ ಅದೇ ಉದ್ಯೋಗ. ಕ್ರಿಸ್ಮಸ್ಸಿಗೆ ಮನೆಯ ಕಿಟಕಿ, ಗೇಟು, ಹೂಕುಂಡ ಎಲ್ಲಕ್ಕೂ ಬಣ್ಣ ಬಳಿಯುವುದು ನಮ್ಮ ಪದ್ಧತಿ. ಹಾಗಾಗಿ ಅಮ್ಮ ವರ್ಷ ವರ್ಷ ನೌಕೆಗೂ ಬೆಳ್ಳಿ ಬಣ್ಣ ಬಳಿದರು. ಬಾಪ್ಪು ಮೂಲದಲ್ಲಿ ಕಷ್ಟಪಟ್ಟು ಹೊಗೆ ಹಿಡಿದ ಹಾಗೆ, ಉಲ್ಕೆ ತಾಗಿ ಗೀರಿದ ಹಾಗೆ ಮಾಡಿದ್ದರು. ಅಮ್ಮನಿಗೆ ಅದು ಕೊಳಕು. ಬಾಪ್ಪು ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಅತ್ತಿಗೆಗೆ ಎದುರು ಮಾತಾಡುವವರಲ್ಲ.

ಪ್ರತಿ ಕ್ರಿಸ್ಮಸ್ಸಿಗೆ ನಮ್ಮ ಇಗರ್ಜಿಯ ವಾರ್ಡಿನಲ್ಲಿ ಗೋದಲಿ ಸ್ಪರ್ಧೆ ಇರುತ್ತದೆ. ವಾರ್ಡಿನ ಮುಖಂಡರಾದ ಗುರ್ಕಾರರು ಇಬ್ಬರು ತೀರ್ಪುಗಾರರನ್ನು ಕರಕೊಂಡು ಮನೆಮನೆಗೆ ಬಂದು, ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ ತಟ್ಟೆಯಿಂದ ಕರ್ಜಿಕಾಯಿಯಂಥ ನೆವ್ರಿ ಆರಿಸಿ ತಿಂದು, ಗೋದಲಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಪ್ರತಿ ಸಲವೂ ಗುರ್ಕಾರರದ್ದು ಒಂದೇ ಮಾತು.

"ಬೆತ್ಲೆಹೇಮಿನಲ್ಲಿ ರಾಕೆಟ್ ಎಲ್ಲಿತ್ತು ಮಾರಾಯ್ರೆ?"

ಅವರ ಮನೆಯ ಗೋದಲಿಯಲ್ಲಿ ಪ್ಲಾಸ್ಟಿಕ್ ಡೈನೋಸಾರ್ ಇತ್ತು, ಮಕ್ಕಳು ಇಟ್ಟದ್ದಂತೆ. ಅದಕ್ಕೆ ಬಹುಮಾನ ಬಂತು. ಬಾಪ್ಪು ಒಂದೆರಡು ವರ್ಷ, "ಇದು ಟಿ.ವಿ.ಯಲ್ಲಿ ಬಂದ ನೌಕೆ, ನಾನೇ ಮಾಡಿದ್ದು" ಎಂದು ಹೇಳಿ ನೋಡಿದರು. "ಹೌದಾ? ಹಾಗಾದರೆ ಹೆಸರು ಬರಲಿಲ್ಲ ಅಲ್ಲ?" ಎಂದು ಗುರ್ಕಾರರು ನಕ್ಕರು. ಆಮೇಲೆ ಬಾಪ್ಪು ಹೇಳುವುದನ್ನು ಬಿಟ್ಟರು. ತೀರ್ಪುಗಾರರು ಬರುವ ಹೊತ್ತಿಗೆ ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಅಷ್ಟು ಬಾಯಾರಿಕೆಯ ಮನುಷ್ಯರಲ್ಲ ಅವರು.

ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಮನೆಯಲ್ಲಿ ನಾನು, ಬಾಪ್ಪು ಇಬ್ಬರೇ. ಬಣ್ಣ ಬಳಿಯುವ ಕೆಲಸ ನನಗೆ ಬಂತು. ಈ ನಡುವೆ ಆ ಧಾರಾವಾಹಿ ಮೊಬೈಲಿಗೆ ಬಂತು. ಅದು ಬರುವಾಗ ಹುಟ್ಟಿಯೇ ಇರದವರು ಅದರ ಮಹಾಭಕ್ತರಾದರು. ನೌಕೆಯ ಬದಿಯ ಚುಕ್ಕೆಗಳ ಬಗ್ಗೆ ಅವರು ಉದ್ದುದ್ದ ಬರೆದದ್ದನ್ನು ನಾನು ಓದಿದ್ದೇನೆ. ಒಬ್ಬರು ಅದು ನಕ್ಷತ್ರಗಳ ನಕ್ಷೆ ಎಂದರು. ಇನ್ನೊಬ್ಬರು ಸಿಂಧೂ ಕಣಿವೆಯ ಲಿಪಿ ಎಂದು ಸಾಧಿಸಿದರು. ಫೋನನ್ನು ತಿರುಗಿಸಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಕಳೆದ ಮಳೆ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಒಬ್ಬರು ಫೋನು ಮಾಡಿದರು. ಹಳೆಯ ಟಿ.ವಿ. ಸಾಮಾನುಗಳ ಪ್ರದರ್ಶನ ಮಾಡುತ್ತಾರಂತೆ, ಊರೂರಿಗೆ ಹೋಗುತ್ತದಂತೆ, ಮಂಗಳೂರಿನ ಮಾಲ್ ಒಂದರಲ್ಲಿ ಶುರುವಂತೆ. ಗೋದಲಿಯ ಫೋಟೋ ಯಾರೋ ಅವರಿಗೆ ಕಳಿಸಿದ್ದರು. ಒಂದು ಬೆಳಿಗ್ಗೆ ಅವರೇ ಬಂದರು. ಕೈಗೆ ಬಿಳಿ ಗ್ಲೌಸು. ನಮ್ಮ ಮನೆಯ ಅಟ್ಟಕ್ಕೆ ಬಿಳಿ ಗ್ಲೌಸು ಹಾಕಿ ಹತ್ತಿದ ಮೊದಲ ಮನುಷ್ಯರು ಅವರು. ಇಳಿಯುವಾಗ ಗ್ಲೌಸು ಬಿಳಿ ಇರಲಿಲ್ಲ.

ಕಲಾ ನಿರ್ದೇಶಕರ ಮನೆಯವರು ಆಗಲೇ ಒಂದು ನೌಕೆ ಕೊಟ್ಟಿದ್ದರು, ಅದೇ ಅಸಲಿ ಎಂದು. ಇವರು ಲ್ಯಾಪ್‌ಟಾಪಿನಲ್ಲಿ ಹಳೆಯ ದೃಶ್ಯ ನಿಲ್ಲಿಸಿ, ನಮ್ಮ ನೌಕೆಯ ಪಕ್ಕ ಇಟ್ಟು, ಬೆಳ್ಳಿ ಬಣ್ಣ ನೋಡಿ ನಿಟ್ಟುಸಿರು ಬಿಟ್ಟರು. ಬಾಪ್ಪು ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಬದಿಯಲ್ಲಿ ಒಂದು ಕಡೆ ಉಜ್ಜಿದರು. ಬೆಳ್ಳಿ ಹೋಯಿತು, ಬೂದು ಬಂತು, ಬೂದಿನಲ್ಲಿ ಚುಕ್ಕೆಗಳು ಬಂದವು. ಪರದೆಯಲ್ಲಿದ್ದ ಹಾಗೆಯೇ, ಕೊನೆಯ ಅಕ್ಷರದ ಓರೆ ಕೂಡ ಹಾಗೆಯೇ.

"ಮೇಡಮ್, ಇದೇ ಒರಿಜಿನಲ್! ಇದೇ!" ಎಂದು ಆ ಮನುಷ್ಯರು ಕುಣಿಯುವುದೊಂದು ಬಾಕಿ. "ಈ ಬೆಳ್ಳಿ ಬಣ್ಣಾನೂ ಇರ್ಲಿ, ಅದೂ ಒಂದು ಹಿಸ್ಟರಿ. ಏನನ್ನೂ ಮುಟ್ಟಬೇಡಿ. ಒರೆಸಲೂಬೇಡಿ. ಸೋಮವಾರ ವ್ಯಾನ್ ಕಳಿಸ್ತೀನಿ. ನಡುವಿನ ಗಾಜಿನ ಪೆಟ್ಟಿಗೆ ಇದಕ್ಕೇ."

ಆಗ ಬಾಪ್ಪು ಕೇಳಿದರು. ಎಪ್ಪತ್ತೈದು ದಾಟಿದ ಮನುಷ್ಯರು, ಕೇಳುವಾಗ ಶಾಲೆಯ ಮಕ್ಕಳ ಹಾಗೆ ಕೈ ಹಿಂದೆ ಕಟ್ಟಿದ್ದರು.

"ಅಲ್ಲಿ ಚೀಟಿ ಇಡ್ತೀರಲ್ಲ, ಯಾರು ಮಾಡಿದ್ದು ಅಂತ. ಅದರಲ್ಲಿ ನನ್ನ ಹೆಸರು ಹಾಕ್ಲಿಕ್ಕೆ ಆಗ್ತದಾ?"

"ಸರ್, ನನಗೆ ನಂಬಿಕೆ ಇದೆ. ಆದರೆ ಟೈಟಲ್ಸ್‌ನಲ್ಲಿ ನಿಮ್ಮ ಹೆಸರಿಲ್ಲ. ರೆಕಾರ್ಡ್ ಇರೋ ಹೆಸರು, ಇಲ್ಲಾಂದ್ರೆ ವಸ್ತುವಿನ ಮೇಲೇ ಇರೋ ಹೆಸರು, ಅಷ್ಟೇ ಹಾಕೋದು ನಮ್ಮ ಪದ್ಧತಿ."

ಅಲ್ಲೇ ಕೂತು ಟೈಪು ಮಾಡಿ ತೋರಿಸಿದರು ಕೂಡ. ವಿನ್ಯಾಸ: ಕಲಾ ನಿರ್ದೇಶಕರ ಹೆಸರು. ಅದರ ಕೆಳಗೆ, ಪಾತ್ರೆ: ಅಜ್ಜಿಯ ಹೆಸರು. ಧಾರಾವಾಹಿಯನ್ನು ದಂಡದ ಕೆಲಸ ಎಂದು ಬೈದವಳು, ಮಗನನ್ನು ಕಳ್ಳ ಎಂದವಳು, ಆಕೆಯ ಹೆಸರು ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ಮೇಣದ ಬತ್ತಿ ಬರೆದವರದ್ದೂ ಹೋಗುತ್ತದೆ. ಕಡ್ಡಿ ಬಗ್ಗಿಸಿ, ಬೆಸೆದು, ಬೆರಳು ಸುಟ್ಟುಕೊಂಡವರದ್ದು ಮಾತ್ರ ಇಲ್ಲ. ನಾನು ಬಾಯಿ ತೆರೆಯುವುದರೊಳಗೆ ಬಾಪ್ಪು, "ಆಯ್ತು, ತೊಂದರೆ ಇಲ್ಲ" ಎಂದು ಅಡುಗೆಮನೆಗೆ ಹೋದರು. ನೀರು ಕುಡಿಯಲು.

ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವರು ಪ್ಯಾಂಟು ಶರ್ಟು ಹಾಕಿ ಕೂತಿದ್ದರು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ನೌಕೆ.

"ತೊಕ್ಕೊಟ್ಟಿಗೆ ಹೋಗುವ. ಸ್ಕೂಟರ್ ತೆಗಿ."

"ತೊಕ್ಕೊಟ್ಟಿನಲ್ಲಿ ಎಂತ ಉಂಟು ಬಾಪ್ಪು?"

"ಪಾತ್ರೆ ಅಂಗಡಿ."

ನನಗೆ ಅರ್ಥವಾಯಿತು. ಅಜ್ಜಿ ಆ ತೊಂದೊರ್ ಕೊಂಡದ್ದು ಅಲ್ಲಿಯೇ. ನೇತ್ರಾವತಿ ಸೇತುವೆಯ ಮೇಲೆ ಲಾರಿಗಳ ನಡುವೆ ಹೋಗುವಾಗ ನಾನು ತಲೆ ತಿರುಗಿಸದೆ ಕೂಗಿ ಹೇಳಿದೆ.

"ಬಾಪ್ಪು, ಹೆಸರು ಹೊಡೆಸಿದರೆ ಅವರು ತಕ್ಕೊಳ್ಳುವುದಿಲ್ಲ. ಮುಟ್ಟಲೇಬಾರದು ಅಂದಿದ್ದಾರೆ."

"ಗೊತ್ತುಂಟು."

"ಮತ್ತೆ?"

"ನೀನು ಮುಂದೆ ನೋಡಿ ಓಡಿಸು ಮಾರಾಯ್ತಿ."

ಅಂಗಡಿಯಲ್ಲಿ ಈಗ ಇರುವ ಕಾಕ, ಅಜ್ಜಿಗೆ ಪಾತ್ರೆ ಮಾರಿದವರ ಮಗ. ಕರಾವಳಿಯ ಬ್ಯಾರಿ ಮುಸ್ಲಿಮರು, ತಲೆಮಾರುಗಳಿಂದ ಅದೇ ವ್ಯಾಪಾರ. ಟವೆಲು ಬಿಚ್ಚಿದಾಗ ಅವರು ಕಾಲುಗಳನ್ನು ನೋಡಿದರು, ಬೆಳ್ಳಿ ಬಣ್ಣ ನೋಡಿದರು, ಬಾಪ್ಪುವಿನ ಮುಖ ನೋಡಿದರು. ಹೆಸರು ಹೊಡೆಯುವ ಮಿಶಿನ್ ತೆಗೆಯುತ್ತ ಕೇಳಿದರು.

"ಇದು ಎಂತ ಪಾತ್ರೆ?"

"ತೊಂದೊರ್," ಎಂದರು ಬಾಪ್ಪು.

"ಹೌದಾ. ಹೆಸರು ಎಲ್ಲಿ ಹೊಡೀಬೇಕು? ಅಡಿಗಾ, ಬದಿಗಾ?"

"ಕಾಣುವಲ್ಲಿ."

ಬಾಪ್ಪು ಥಿನ್ನರಿನಲ್ಲಿ ಉಜ್ಜಿದ ಜಾಗ ತೋರಿಸಿದರು, ಅಜ್ಜಿಯ ಹೆಸರಿನ ಪಕ್ಕ. ಕಾಕ ಕನ್ನಡಕ ಏರಿಸಿಕೊಂಡು, ಪಾತ್ರೆಯನ್ನು ತಿರುಗಿಸಿ ನೋಡಿ, ಅನುಮಾನಪಟ್ಟರು. "ಹೀಗೆ ಹೊಡೆದರೆ ನಿಮ್ಮದು ಉಲ್ಟಾ ಆಗ್ತದಲ್ಲ?"

"ನನ್ನದು ಸರಿಯೇ ಉಂಟು. ಪಾತ್ರೆ ಉಲ್ಟಾ."

ಮಿಶಿನ್ ಕಿರ್‍ರೆಂದಿತು. ಬಾಪ್ಪು ಕೌಂಟರಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು, ಬಗ್ಗಿ, ಒಂದೊಂದು ಚುಕ್ಕೆಯೂ ಬೀಳುವುದನ್ನು ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಕಾಕ ದುಡ್ಡು ತಕ್ಕೊಳ್ಳಲಿಲ್ಲ. ಪಾತ್ರೆ ನಮ್ಮಲ್ಲಿಯದ್ದೇ ಅಲ್ಲವಾ, ಹೆಸರು ಫ್ರೀ ಎಂದರು.

ಸೋಮವಾರ ವ್ಯಾನಿನ ಜೊತೆ ಬಿಳಿ ಗ್ಲೌಸಿನವರೇ ಬಂದರು. ನೋಡಿದರು. ಕುರ್ಚಿಯಲ್ಲಿ ಕೂತರು. "ಏನ್ ಮಾಡಿಬಿಟ್ರಿ ಸರ್" ಎಂದು ಅಳುವ ಹಾಗೆ ಹೇಳಿದರು. ಈಗ ಇದು ಧಾರಾವಾಹಿಯಲ್ಲಿದ್ದ ಹಾಗೆ ಇಲ್ಲ, ಅಲ್ಲಿ ಇದ್ದದ್ದು ಒಂದೇ ಹೆಸರು, ಇದು ಡ್ಯಾಮೇಜ್ ಎಂದರು. ಒಬ್ಬ ಮನುಷ್ಯನ ಕಣ್ಣೆದುರೇ ಅವನ ಕೆಲಸದ ಮೇಲೆ ವರ್ಷ ವರ್ಷ ಬಳಿದ ಬೆಳ್ಳಿ ಬಣ್ಣ ಹಿಸ್ಟರಿಯಂತೆ. ಅವನು ಒಂದು ಸಲ ತನ್ನ ಹೆಸರು ಬರೆಸಿಕೊಂಡರೆ ಡ್ಯಾಮೇಜಂತೆ. ವಿಜ್ಞಾನದವಳು ನಾನು, ನನಗೆ ಹಿಸ್ಟರಿ ಅಷ್ಟಾಗಿ ಅರ್ಥವಾಗುವುದಿಲ್ಲ ಎಂದು ಅವರಿಗೆ ಹೇಳಿ, ಚಹಾ ಕೊಟ್ಟು ಕಳಿಸಿದೆ.

ಮಾಲ್‌ಗೆ ನಾವು ಹೋಗಿ ಬಂದೆವು. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಕಲಾ ನಿರ್ದೇಶಕರ ಮನೆಯ ನೌಕೆ ಮಿನುಗುತ್ತಿತ್ತು, ಚುಕ್ಕೆ ಇಲ್ಲದೆ, ಗೀರಿಲ್ಲದೆ, ಅಸಲಿ ಎಂಬ ಚೀಟಿಯ ಜೊತೆ. ಜನ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ಬಾಪ್ಪು ಸುತ್ತ ಒಂದು ಸಲ ನಡೆದು ನೋಡಿ, "ಬೆಸುಗೆ ಚಂದ ಮಾಡಿದ್ದಾನೆ, ಯಾರೋ ಪಾಪ. ಅವನ ಹೆಸರೂ ಇಲ್ಲ" ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಈ ಕ್ರಿಸ್ಮಸ್ಸಿಗೆ ನಾನು ಗೇಟಿಗೆ ಬಣ್ಣ ಬಳಿದೆ, ಹೂಕುಂಡಗಳಿಗೆ ಬಳಿದೆ. ನೌಕೆಗೆ ಬಳಿಯಲಿಲ್ಲ. ಎಂದಿನ ಜಾಗದಲ್ಲಿ ತೂಗು ಹಾಕಿ ಬಲ್ಬು ಹಚ್ಚಿದೆ. ಸಂಜೆ ತೀರ್ಪುಗಾರರು ಬಂದರು. ಗುರ್ಕಾರರು ಈಗ ಬೇರೆಯವರು, ಹಳಬರ ಮಗ, ನಗು ಮಾತ್ರ ಅಪ್ಪನದ್ದೇ. ನೆವ್ರಿ ಕಚ್ಚುತ್ತ, ರಾಕೆಟಿನ ಮಾತು ಎತ್ತಲು ಬಾಯಿ ತೆರೆದವರು, ಹತ್ತಿರ ಬಗ್ಗಿ ನಿಂತರು. ಕನ್ನಡಕ ಸರಿಮಾಡಿಕೊಂಡರು. ಅಜ್ಜಿಯ ಹೆಸರಿಗೆ ಕತ್ತು ಓರೆ ಮಾಡಬೇಕಾಯಿತು. ಪಕ್ಕದ್ದನ್ನು ನೇರವಾಗಿಯೇ ಓದಿದರು, ಜೋರಾಗಿ, ಮನೆತನದ ಹೆಸರಿನ ಸಮೇತ.

"ಇದು ಯಾರು?" ಎಂದು ನನ್ನನ್ನು ಕೇಳಿದರು.

ಬಾಪ್ಪು ಅಡುಗೆಮನೆಗೆ ಹೋಗಿರಲಿಲ್ಲ. ಗೋದಲಿಯ ಪಕ್ಕದಲ್ಲೇ, ಇಸ್ತ್ರಿ ಮಾಡಿದ ಶರ್ಟು ಹಾಕಿ ನಿಂತಿದ್ದರು.

"ನಾನು," ಎಂದರು.